ಕ್ಯಾಮರಾ ಮತ್ತು ಚೊಂಬಿನ ತುಲನಾತ್ಮಕ ಮೌಲ್ಯಮಾಪನ

ಸಿಂಧಘಟ್ಟದಿಂದ ಹೊಂಗೆಕೊಪ್ಪಲಿಗೆ ಹೋಗುವ ಆರು ಕಿಲೋಮೀಟರ್ ರಸ್ತೆಯಲ್ಲಿ ಒಂದೇ ಒಂದು ಗುಂಡಿಯೂ ಇಲ್ಲವೆಂಬುದು ಈಗ ದಾಖಲೆ ಸಮೇತ ಸಾಬೀತಾಗಿರುವ ಸಂಗತಿ. ಆ ದಾಖಲೆಯನ್ನು ಟೈಪ್ ಮಾಡಿದವನು ನಾನೇ. ಟೈಪ್ ಮಾಡುವಾಗ ನನ್ನ ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿತ್ತು, ನಾಲಿಗೆ ಊದಿಕೊಂಡಿತ್ತು. ಎರಡೂ ಅದೇ ರಸ್ತೆಯಲ್ಲಿ ಆದದ್ದು. ಆದರೆ ಸೊಂಟ ಖಾಸಗಿ, ರಸ್ತೆ ಸಾರ್ವಜನಿಕ. ಎರಡನ್ನೂ ಒಂದೇ ಕಡತದಲ್ಲಿ ಕಲಸಬಾರದೆಂದು ನಮ್ಮಲ್ಲಿ ನಿಯಮವಿದೆ.

ನನ್ನ ಹೆಸರು ನಾಗರಾಜ. ‘ಸ್ಥಿರ ದೃಶ್ಯ ದಾಖಲಾತಿ ಕೋಶ’ದಲ್ಲಿ ದ್ವಿತೀಯ ದರ್ಜೆ ಸಹಾಯಕ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ರಸ್ತೆಯೋ ಚರಂಡಿಯೋ ಮೋರಿಯೋ ಕೆಟ್ಟಿದೆಯೆಂದು ಯಾರಾದರೂ ದೂರಿದರೆ, ಅವರು ಕೊಟ್ಟ ವಿಡಿಯೊ ನೋಡಿ, ಹೌದು ಕೆಟ್ಟಿದೆ ಎಂದು ಷರಾ ಬರೆದು ಮೇಲಕ್ಕೆ ಕಳಿಸುವುದು ನಮ್ಮ ಕೆಲಸ. ಷರಾ ಇಲ್ಲದೆ ಒಂದು ಪುಟ್ಟಿ ಜಲ್ಲಿಯೂ ಅಲ್ಲಾಡುವಂತಿಲ್ಲ. ಕಚೇರಿ ಪಾಂಡವಪುರದಲ್ಲಿ, ಮಹಡಿಯ ಮೇಲಿದೆ. ಮೆಟ್ಟಿಲು ಮುರಿದಿದೆ. ಅದರ ವಿಡಿಯೊ ಇನ್ನೂ ಯಾರೂ ಕೊಟ್ಟಿಲ್ಲ. ಇಲ್ಲಿ ಹೇಳುವುದೆಲ್ಲ ನಿಜ. ನಾನು ಸುಳ್ಳು ಹೇಳುವವನಲ್ಲ, ನನ್ನ ಹುದ್ದೆಗೆ ಆ ಅಧಿಕಾರವೂ ಇಲ್ಲ.

ಚಿಕ್ಕಸಿದ್ದಯ್ಯನವರು ಹೊಂಗೆಕೊಪ್ಪಲಿನವರು. ಎತ್ತಿನ ಗಾಡಿ ಮಾಡುತ್ತಿದ್ದ ಮನೆತನ. ಈಗ ಗಾಡಿ ಕೇಳುವವರಿಲ್ಲದೆ ಬಾಗಿಲು, ಮಂಚ ಮಾಡುತ್ತಾರೆ, ಆದರೂ ಊರಿಗೆಲ್ಲ ಗಾಡಿ ಸಿದ್ದಯ್ಯ. ಮೂರು ವರ್ಷದಲ್ಲಿ ಅವರು ತಮ್ಮೂರಿನ ರಸ್ತೆಯ ಬಗ್ಗೆ ಹದಿನೇಳು ಅರ್ಜಿ ಕೊಟ್ಟಿದ್ದರು. ಒಂದನ್ನು ಬಿಟ್ಟು ಪ್ರತಿ ಅರ್ಜಿಯ ಜೊತೆಗೂ ಬೈಕಿನ ಮೇಲೆ ಕೂತು ಮೊಬೈಲಿನಲ್ಲಿ ತೆಗೆದ ವಿಡಿಯೊ. ಅವನ್ನೆಲ್ಲ ನಾವು ಒಂದೇ ಕಾರಣಕ್ಕೆ ತಿರಸ್ಕರಿಸಿದ್ದೆವು: ‘ಚಿತ್ರ ಅಲುಗಾಡುತ್ತಿರುವುದರಿಂದ ಗುಂಡಿ ಸ್ಪಷ್ಟವಾಗಿ ಕಾಣುತ್ತಿಲ್ಲ.’

“ಸ್ವಾಮಿ, ಗುಂಡಿ ಇರೋದ್ಕೇ ಅಲ್ವ್ರಾ ಅಲ್ಲಾಡೋದು?” ಎಂದು ಅವರು ಒಮ್ಮೆ ಕೇಳಿದರು.

ನಮ್ಮ ನಿರ್ದೇಶಕರು ಮೋಹನ್ ಕುಮಾರ್ ಸಾಹೇಬರು. ತಾಳ್ಮೆಯ ಮನುಷ್ಯ. “ಅಲುಗಾಡದ ವಿಡಿಯೊ ತನ್ನಿ ಸಿದ್ದಯ್ಯನವರೇ, ಅವತ್ತೇ ಷರಾ ಬರೀತೀನಿ” ಅಂದರು.

“ರೋಡು ನೆಟ್ಗಿದ್ರೆ ತಾನೆ ಅಲ್ಲಾಡ್ದಂಗೆ ಬರೋದು?”

“ರೋಡು ನೆಟ್ಟಗಿದ್ರೆ ನೀವು ಅರ್ಜಿ ಯಾಕ್ರೀ ಕೊಡ್ತೀರಿ?”

ಸಿದ್ದಯ್ಯ ನೀರು ಕುಡಿದು, ಮೆಟ್ಟಿಲು ಇಳಿದು ಹೋದರು. ಮುಂದಿನ ಸಲ ಗುಂಡಿಯ ಪಕ್ಕದಲ್ಲೇ ನಿಂತು, ಉಸಿರು ಬಿಗಿಹಿಡಿದು ವಿಡಿಯೊ ತೆಗೆದು ತಂದರು. ಒಂಚೂರೂ ಅಲುಗಾಡಿರಲಿಲ್ಲ. ಆದರೆ ನಿಯಮ ಒಂಬತ್ತರ ಪ್ರಕಾರ ವಿಡಿಯೊವನ್ನು ಚಲಿಸುವ ವಾಹನದಿಂದಲೇ ತೆಗೆಯತಕ್ಕದ್ದು, ಏಕೆಂದರೆ ರಸ್ತೆಯಿರುವುದು ಚಲಿಸುವವರಿಗೆ. ನಿಂತು ತೆಗೆದದ್ದು ನಿಂತವರ ತೊಂದರೆಯನ್ನು ಮಾತ್ರ ತೋರಿಸುತ್ತದೆ. ನಿಂತವರಿಗೆ ತೊಂದರೆ ಇರಲಿಲ್ಲ.

ಆ ಮನುಷ್ಯ ಇಷ್ಟು ಹಟ ಹಿಡಿದದ್ದು ಹೆಂಡತಿ ಸರಸಮ್ಮನವರಿಗಾಗಿ. ಅವರ ಅಕ್ಕ ದೊಡ್ಡತಾಯಮ್ಮನವರನ್ನು ನಾಗಮಂಗಲಕ್ಕೆ ಕೊಟ್ಟಿದೆ. ಮೊದಲು ತಿಮ್ಮೇಶನ ಖಾಸಗಿ ಬಸ್ಸು ಹೊಂಗೆಕೊಪ್ಪಲಿನಿಂದ ನಾಗಮಂಗಲಕ್ಕೆ ನೇರವಾಗಿ ಓಡುತ್ತಿತ್ತು. ಮೂರು ವರ್ಷದ ಕೆಳಗೆ ಒಂದೇ ವಾರದಲ್ಲಿ ಎರಡು ಸಲ ಗುಂಡಿಗೆ ಇಳಿದು ಅದರ ಸ್ಪ್ರಿಂಗ್ ಪಟ್ಟಿ ಮುರಿದಾಗ, ಗುಂಡಿ ಹೋದ ದಿನ ಬಸ್ಸು ಬರುತ್ತದೆ ಎಂದು ಊರವರಿಗೆ ಕಾಗದದಲ್ಲಿ ಬರೆದುಕೊಟ್ಟು ತಿಮ್ಮೇಶ ನಿಲ್ಲಿಸಿಬಿಟ್ಟ. ಆಟೊದವರು ಬರುವುದಿಲ್ಲ. ಗಂಡನ ಬೈಕಿನಲ್ಲಿ ಸರಸಮ್ಮ ಎರಡು ಸಲ ಹೊರಟರು, ಎರಡು ಸಲವೂ ದಾರಿಯಲ್ಲೇ ಬಿದ್ದರು. ಎರಡನೇ ಸಲ ಬಿದ್ದದ್ದು ಸಿದ್ದಯ್ಯನಿಗೆ ಸಿಂಧಘಟ್ಟ ತಲುಪಿ, “ಟೀ ಕುಡೀತೀಯೇನೆ?” ಎಂದು ಹಿಂದೆ ತಿರುಗಿ ಕೇಳಿದಾಗಲೇ ಗೊತ್ತಾಯಿತು. ಅಂದಿನಿಂದ ಸರಸಮ್ಮ ಊರೊಳಗೇ ಬರುವ ಬಸ್ಸಲ್ಲದೆ ಬೇರೇನನ್ನೂ ಹತ್ತುವುದಿಲ್ಲವೆಂದು ಆಣೆ ಹಾಕಿದ್ದರು. ಈಗ ಅಕ್ಕ ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ಎರಡು ತಿಂಗಳಿತ್ತು. ತಂಗಿಯಿಲ್ಲದೆ ಹಾಲು ಉಕ್ಕಿಸುವುದಿಲ್ಲವೆಂದು ಅಕ್ಕ, ಬಸ್ಸಿಲ್ಲದೆ ಬರುವುದಿಲ್ಲವೆಂದು ತಂಗಿ. ನಡುವೆ ಸಿದ್ದಯ್ಯ.

ಅದೇ ಸಮಯಕ್ಕೆ ನಮ್ಮ ಸಾಹೇಬರ ಮಗಳು ಭೂಮಿಕಾಳ ಮದುವೆ ಗೊತ್ತಾಯಿತು. ಈ ಎರಡು ಸಂಗತಿಗಳಿಗೆ ಸಂಬಂಧವಿಲ್ಲ. ಮದುವೆ ಗೊತ್ತಾದ ಮಾರನೇ ದಿನವೇ, ಸಾರ್ವಜನಿಕರ ವಿಡಿಯೊಗಳು ಅಲುಗಾಡುತ್ತಿರುವುದನ್ನು ಸಾಹೇಬರು ಗಂಭೀರವಾಗಿ ಪರಿಗಣಿಸಿ, ಕಚೇರಿಗೇ ಒಂದು ಸಿನಿಮಾ ಕ್ಯಾಮರಾ ಕೊಳ್ಳಲು ತೀರ್ಮಾನಿಸಿದರು. ಟೆಂಡರ್ ಪ್ರಕಟಣೆ ಹೀಗಿತ್ತು:

‘ಈ ಮೂಲಕ ತಿಳಿಯಪಡಿಸುವುದೇನೆಂದರೆ, ಗುಂಡಿಗಳ ಸ್ಪಷ್ಟ ಚಿತ್ರೀಕರಣಕ್ಕಾಗಿ ವೃತ್ತಿಪರ ಕ್ಯಾಮರಾ ಒಂದು ಬೇಕಾಗಿರುತ್ತದೆ. ಅಲುಗಾಟ ತಡೆಯುವ ಯಂತ್ರವು ಕ್ಯಾಮರಾದ ಒಳಗೇ ಇರತಕ್ಕದ್ದು. ಗುಂಡಿಯು ಸಂಜೆಯ ಹೊಂಬಿಸಿಲಿನಲ್ಲಿಯೂ ಚೆನ್ನಾಗಿ ಕಾಣತಕ್ಕದ್ದು. ಗುಂಡಿಯ ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟವರು ಆಕಸ್ಮಿಕವಾಗಿ ನಿಂತಿದ್ದಲ್ಲಿ ಸೀರೆಯ ಅಂಚು ಎದ್ದು ಕಾಣತಕ್ಕದ್ದು. ಚರ್ಮದ ಬಣ್ಣ ಗೋಧಿ ಬಣ್ಣಕ್ಕೆ ಕಡಿಮೆ ಇರಕೂಡದು.’

ಕ್ಯಾಮರಾ ತಂದವನು ದಿಲೀಪ್. ಬೆಂಗಳೂರಿನ ಯಾವುದೋ ಕಂಪನಿಯ ಹುಡುಗ, ಅಂಗಿಗೆ ಇಸ್ತ್ರಿ, ಮಾತಿಗೂ ಇಸ್ತ್ರಿ. ಕಪ್ಪು ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟ. “ಬೇರೆ ಕ್ಯಾಮರಾಗೆ ಹೊರಗಡೆಯಿಂದ ಕಬ್ಬಿಣದ ಕೈ ಕಟ್ಟಿ ಅಲುಗಾಟ ತಡೀಬೇಕು ಸಾರ್. ಇದಕ್ಕೆ ಹೊಟ್ಟೆಯೊಳಗೇ ಇದೆ. ಹಿಡಿದವರು ಕುಣಿದರೂ ಚಿತ್ರ ಕುಣಿಯಲ್ಲ.”

ಸಾಹೇಬರು ನನ್ನ ಕಡೆ ನೋಡಿದರು. ಇಪ್ಪತ್ತೆರಡು ವರ್ಷ ಸರ್ವೀಸ್ ಮಾಡಿದವನಿಗೆ ನೋಟ ಅರ್ಥವಾಗುತ್ತದೆ. ಕ್ಯಾಮರಾ ಹಿಡಿದು ಕುಣಿದೆ. ತಮಟೆ ಇರಲಿಲ್ಲವಾದ್ದರಿಂದ ಸಾಹೇಬರೇ ಮೇಜು ಬಡಿದರು. ಚಿತ್ರದಲ್ಲಿ ಕಚೇರಿ ಗೋಡೆ, ಗಡಿಯಾರ, ಬೀರು ಎಲ್ಲ ಇದ್ದಲ್ಲೇ ಇದ್ದವು. ಗಡಿಯಾರ ಮೊದಲಿನಿಂದಲೂ ನಿಂತೇ ಇದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಒಂದೇ ತೊಡಕು ಬಂತು. ಮೌಲ್ಯಮಾಪನ ಸಮಿತಿಯಲ್ಲಿ ಒಬ್ಬ ತಾಂತ್ರಿಕ ತಜ್ಞ ಇರಲೇಬೇಕು, ಮತ್ತು ಆತ ನಾಲ್ಕು ತಾಲ್ಲೂಕಿನೊಳಗಿನವನೇ ಆಗಿರಬೇಕು. ಎಲ್ಲಿಂದ ತರುವುದು? ಸಾಹೇಬರು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಹದಿನೆಂಟನೇ ಅರ್ಜಿ ಹಿಡಿದುಕೊಂಡು ಚಿಕ್ಕಸಿದ್ದಯ್ಯ ಬಾಗಿಲಲ್ಲಿ ಕಾಣಿಸಿಕೊಂಡರು. ಜೇಬಿನಲ್ಲಿ ಕುಶಲಕರ್ಮಿ ಗುರುತಿನ ಚೀಟಿ ಇತ್ತು. ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿದಂತಾಯಿತು. ಐದು ನಿಮಿಷದಲ್ಲಿ ಅವರು ತಜ್ಞರಾದರು, ಅವರಿಗೆ ಕುರ್ಚಿಯನ್ನೂ ಕೊಡಲಾಯಿತು.

“ಇದು ಪಾಸಾದ್ರೆ ನಮ್ ರೋಡ್ನ ಇದ್ರಲ್ಲೇ ತೆಗೀತೀರಾ ಸ್ವಾಮಿ?” ಕುರ್ಚಿಯ ತುದಿಯಲ್ಲಿ ಕೂತು ಸಿದ್ದಯ್ಯ ಕೇಳಿದರು.

“ಮತ್ತೆ? ಅದಕ್ಕೇ ಅಲ್ವೇನ್ರೀ ಕೊಳ್ತಿರೋದು?”

ಸಿದ್ದಯ್ಯನ ಮುಖ ಅರಳಿದ್ದನ್ನು ನಾನು ನೋಡಿದೆ. ಅವರು ಕ್ಯಾಮರಾವನ್ನು ಎಳೆಗರು ನೋಡುವ ಹಾಗೆ ಸುತ್ತ ಮುಟ್ಟಿ ನೋಡಿದರು. ಬೆನ್ನು ತಟ್ಟಿದರು. ಕಿವಿಯಿಟ್ಟು ಕೇಳಿದರು. ಆಮೇಲೆ, “ಇದ್ನ ಚೊಂಬಿಗೆ ಇಕ್ಕಿ ನೋಡ್ಬೇಕು” ಅಂದರು.

ದಿಲೀಪ್ ಗಾಬರಿಯಾದ. ಸಿದ್ದಯ್ಯ ಬಿಡಿಸಿ ಹೇಳಿದರು. ಅವರ ಮನೆಯಲ್ಲಿ ತಾತನ ಕಾಲದ ತಾಮ್ರದ ಚೊಂಬೊಂದಿದೆ. ಹೊಸ ಗಾಡಿ ಮಾಡಿದರೆ, ಆ ಚೊಂಬಿಗೆ ಕಂಠಮಟ್ಟ ನೀರು ತುಂಬಿ, ಗಾಡಿಯ ಹಲಗೆ ಮೇಲಿಟ್ಟು, ಊರ ಸುತ್ತ ಮೂರು ಸುತ್ತು ಹೊಡೆಸುವುದು. ನೀರು ಹಲಗೆ ಮುಟ್ಟದಿದ್ದರೆ ಗಾಡಿ ಪಾಸು. ಒಂದು ತೊಟ್ಟು ಮುಟ್ಟಿದರೂ ಗಾಡಿ ವಾಪಸ್ಸು ಕೊಟ್ಟಿಗೆಗೆ, ಗಾಲಿ ಬಿಚ್ಚಿ ಮತ್ತೆ ಕೆಲಸ. “ನಮ್ಮಪ್ಪ ಏಳ್ತಿದ್ರು ಸ್ವಾಮಿ, ಗಾಡಿ ಮಾಡ್ದೋನು ಸುಳ್ ಏಳ್ಬೋದು, ಕೊಂಡೋನು ಸುಳ್ ಏಳ್ಬೋದು, ಚೊಂಬು ಏಳಕ್ಕಿಲ್ಲ ಅಂತ. ನಿಮ್ ಡಬ್ಬನೂ ಅಂಗೇಯ. ರೋಡಿಗಿಕ್ಕಿ, ಪಕ್ಕದಲ್ಲಿ ಚೊಂಬು ಮಡಗಿ ನೋಡುಮ.”

ತಜ್ಞರು ಹೇಳಿದ ಮೇಲೆ ಮುಗಿಯಿತು. ‘ಚೊಂಬು ಪರೀಕ್ಷೆ’ ಎಂದು ನಡಾವಳಿಯಲ್ಲಿ ಬರೆದುಕೊಂಡೆ.

ಪರೀಕ್ಷೆಗೆ ಹೊಂಗೆಕೊಪ್ಪಲು ರಸ್ತೆಯನ್ನೇ ಆರಿಸಿದೆವು. ಆರಿಸಿದವರು ತಜ್ಞರು. ಸಿಂಧಘಟ್ಟ ದಾಟಿದ ಕೂಡಲೇ ಜೀಪಿನ ಮುಂಭಾಗಕ್ಕೆ ಹಲಗೆ ಕಟ್ಟಿ, ಹಲಗೆ ಮೇಲೆ ಎಡಕ್ಕೆ ಕ್ಯಾಮರಾ, ಬಲಕ್ಕೆ ಚೊಂಬು. ನೀರು ಬಿದ್ದೀತೆಂದು ದಿಲೀಪ್ ಕ್ಯಾಮರಾಕ್ಕೆ ಗೊಬ್ಬರದ ಚೀಲ ಹೊದಿಸಿ, ಕಣ್ಣು ಮಾತ್ರ ಹೊರಗೆ ಬಿಟ್ಟ. ಅವನೇ ಜೀಪು ಓಡಿಸಿದ. ಪಕ್ಕದಲ್ಲಿ ಸಾಹೇಬರು, ಹಿಂದೆ ನಾನು ಮತ್ತು ಸಿದ್ದಯ್ಯ.

ಆ ರಸ್ತೆಯ ಗುಂಡಿಗಳಿಗೆ ಹೆಸರಿದೆ. ಮೊದಲು ಸಿಗುವುದು ಎಮ್ಮೆ ಗುಂಡಿ, ಬೇಸಿಗೆಯಲ್ಲಿ ಎಮ್ಮೆ ಮಲಗುತ್ತದೆ. ಆಮೇಲೆ ಎಲೆಕ್ಷನ್ ಗುಂಡಿ, ಐದು ವರ್ಷಕ್ಕೊಮ್ಮೆ ಮಣ್ಣು ಕಾಣುತ್ತದೆ. ಮೂರನೆಯದು ಬೀಗರ ಗುಂಡಿ. ಗಂಡಿನವರ ಟೆಂಪೊ ಅದರಲ್ಲಿ ಕೂತುಬಿಟ್ಟು, ಮುಹೂರ್ತ ಮೀರುತ್ತದೆಂದು ಹೆಣ್ಣನ್ನೇ ಅಲ್ಲಿಗೆ ಕರೆತಂದು ತಾಳಿ ಕಟ್ಟಿಸಿದ ಜಾಗ. ಆ ದಂಪತಿ ಈಗಲೂ ಪ್ರತಿ ವರ್ಷ ಬಂದು ಅರಿಶಿನ ಕುಂಕುಮ ಹಾಕುತ್ತಾರೆ.

ಎಮ್ಮೆ ಗುಂಡಿಯಲ್ಲಿ ಸಾಹೇಬರ ತಲೆ ಜೀಪಿನ ಕಂಬಿಗೆ ಬಡಿಯಿತು. ನಾನು “ಸಾರ್” ಅನ್ನಲು ಬಾಯಿ ತೆರೆದಾಗ ಎಲೆಕ್ಷನ್ ಗುಂಡಿ ಬಂತು, ನಾಲಿಗೆ ಹಲ್ಲಿಗೆ ಸಿಕ್ಕಿತು. ಬೀಗರ ಗುಂಡಿಯಲ್ಲಿ ಸೊಂಟ ಹೋಯಿತು. ದಿಲೀಪ್ ತನ್ನ ಮನೆದೇವರಿಂದ ಶುರು ಮಾಡಿ ನೆನಪಿಗೆ ಬಂದ ದೇವರನ್ನೆಲ್ಲ ಕೂಗಿ, ಕೊನೆಗೆ ಸಾಹೇಬರನ್ನೂ ಕೂಗಿದ. ಸಿದ್ದಯ್ಯ ಒಬ್ಬರು ಮಾತ್ರ ಕಂಬಿ ಹಿಡಿದು ನಗುತ್ತಿದ್ದರು. “ಕಂಡ್ರಾ ಸ್ವಾಮಿ? ಕಂಡ್ರಾ? ಮೂರೊರ್ಸದಿಂದ ಇದ್ನೇ ಬಡ್ಕತಿದ್ದುದ್ದು!”

ಹೊಂಗೆಕೊಪ್ಪಲು ತಲುಪಿದಾಗ ಚೊಂಬಿನಲ್ಲಿ ಒಂದು ತೊಟ್ಟು ನೀರಿರಲಿಲ್ಲ. ನೊಣವೊಂದು ಒಳಗೆ ಹೋಗಿ, ಏನೂ ಸಿಗದೆ ಹೊರಗೆ ಬಂತು.

ಸಿದ್ದಯ್ಯನ ಮನೆಯ ಜಗಲಿ ಮೇಲೆ ಕೂತು ವಿಡಿಯೊ ನೋಡಿದೆವು. ನನ್ನ ಸರ್ವೀಸಿನಲ್ಲಿ ಅಂಥದ್ದನ್ನು ನೋಡಿರಲಿಲ್ಲ. ರಸ್ತೆ ನಾಲೆಯ ನೀರಿನ ಹಾಗೆ ಹರಿದು ಬರುತ್ತಿತ್ತು. ಅಕ್ಕಪಕ್ಕದ ಕಬ್ಬಿನ ಗದ್ದೆಗಳು ತಲೆದೂಗುತ್ತ ಸರಿಯುತ್ತಿದ್ದವು. ಎಲ್ಲೂ ಒಂದು ಕೂದಲೆಳೆಯ ಅಲುಗಾಟವಿಲ್ಲ. ನಮ್ಮ ಕಿರುಚಾಟ ಮಾತ್ರ ಕೇಳುತ್ತಿತ್ತು. ಟೆಂಡರಿನಲ್ಲಿ ಧ್ವನಿಯ ಪ್ರಸ್ತಾಪವಿಲ್ಲವೆಂದು ಸಾಹೇಬರು ಅದನ್ನು ಬಂದ್ ಮಾಡಿದರು. ಅವರ ಹಣೆಯಲ್ಲಿ ನಿಂಬೆಹಣ್ಣಿನಷ್ಟು ಬುಗುಟು ಎದ್ದಿತ್ತು, ಆದರೂ ಕಣ್ಣಲ್ಲಿ ನೀರು ಬಂದಿದ್ದು ಸಂತೋಷಕ್ಕೆ. “ಎಂಥಾ ರಸ್ತೆ ಕಣ್ರೀ ಇದು!” ಅಂದರು.

“ಅದೋ ಸ್ವಾಮಿ, ಬೀಗರ ಗುಂಡಿ!” ಸಿದ್ದಯ್ಯ ಪರದೆಗೆ ಬೆರಳಿಟ್ಟರು. ಅಲ್ಲಿ ಅಗಲವಾಗಿ ಕಪ್ಪಗೆ ಏನೋ ಇತ್ತು ನಿಜ.

ಸಾಹೇಬರು ಕನ್ನಡಕ ಏರಿಸಿಕೊಂಡರು. “ನಾಗರಾಜ, ನಿಯಮ ಮೂರು ಓದಯ್ಯ.”

ನಾನು ಊದಿದ ನಾಲಿಗೆಯಲ್ಲೇ ಓದಿದೆ: ‘ಗುಂಡಿ ಎಂದರೆ, ಮೇಲೆ ವಾಹನ ಹಾಯ್ದಾಗ ಚಿತ್ರವನ್ನು ಅಲುಗಾಡಿಸುವ ತಗ್ಗು.’

“ಚಿತ್ರ ಅಲುಗಾಡ್ತಾ ಸಿದ್ದಯ್ಯನವರೇ?”

“ಇಲ್ಲ.”

“ಹಾಗಾದ್ರೆ ಅದು ಗುಂಡಿ ಹೆಂಗಾಗುತ್ತೆ? ಅದು ರಸ್ತೆಯ ಬಣ್ಣ.”

“ಅಯ್ಯೋ ನಿಮ್ ಅಣೆ ನೋಡ್ಕಳಿ ಸ್ವಾಮಿ! ಚೊಂಬ್ನಾರಾ ನೋಡಿ, ವಣಗೋಗದೆ!”

ಸಾಹೇಬರು ಚೊಂಬನ್ನು ಎತ್ತಿ ತಿರುಗಿಸಿ ನೋಡಿದರು. ಅದಕ್ಕೆ ನಂಬರಿರಲಿಲ್ಲ, ಗ್ಯಾರಂಟಿ ಚೀಟಿಯಿರಲಿಲ್ಲ. ಕ್ಯಾಮರಾಕ್ಕೆ ಎರಡು ವರ್ಷದ ಗ್ಯಾರಂಟಿ ಇತ್ತು. “ತುಂಬಿದ ಕೊಡ ತುಳುಕುವುದಿಲ್ಲ ಅಂತ ದೊಡ್ಡವರು ಹೇಳಿದ್ದಾರೆ. ನಿಮ್ಮ ಚೊಂಬು ತುಳುಕಿದೆ. ಅಂದ್ಮೇಲೆ ನೀವು ಅದನ್ನ ಪೂರ್ತಿ ತುಂಬಿಲ್ಲ.”

“ಗಾದೆ ಕಟ್ಟುದ್ ದೊಡ್ಡೋರು ನಮ್ ರೋಡಲ್ಲಿ ಕೊಡ ವತ್ತಿಲ್ಲ ಸ್ವಾಮಿ.”

“ವೇದ ಸುಳ್ಳಾದರೂ ಗಾದೆ ಸುಳ್ಳಾಗಲ್ಲ” ಎಂದರು ಸಾಹೇಬರು. ಇದು ನಿಯಮದಲ್ಲಿ ಇಲ್ಲ, ಆದರೆ ಇರಬೇಕಾದ್ದು.

ಆಮೇಲೆ ಸಹಿಯ ಹೊತ್ತು. ನಾನು ಬರೆದ ಪ್ರಮಾಣಪತ್ರದಲ್ಲಿ ಒಂದಕ್ಷರ ಸುಳ್ಳಿರಲಿಲ್ಲ: ‘ಸದರಿ ಕ್ಯಾಮರಾವನ್ನು ಹೊಂಗೆಕೊಪ್ಪಲು ರಸ್ತೆಯಲ್ಲಿ ಪರೀಕ್ಷಿಸಲಾಗಿ, ಚಿತ್ರವು ಮೊದಲಿನಿಂದ ಕೊನೆಯವರೆಗೆ ಸ್ವಲ್ಪವೂ ಅಲುಗಾಡಿರುವುದಿಲ್ಲ.’ ಸಿದ್ದಯ್ಯ ಅದನ್ನು ಎರಡು ಸಲ ಓದಿದರು. ಬಾಗಿಲ ಹಿಂದೆ ನಿಂತ ಹೆಂಡತಿಯ ಕಡೆ ನೋಡಿದರು. ಕ್ಯಾಮರಾ ಪಾಸಾದರೆ ರಸ್ತೆಯ ವಿಡಿಯೊ, ವಿಡಿಯೊ ಆದರೆ ಷರಾ, ಷರಾ ಆದರೆ ಜಲ್ಲಿ, ಜಲ್ಲಿ ಬಿದ್ದರೆ ಬಸ್ಸು. “ಮಾಡ್ದೆ ಇನ್ನೇನು” ಎಂದು ಸಹಿ ಹಾಕಿದರು. ಮನಸ್ಸು ತಡೆಯದೆ ಷರಾ ಜಾಗದಲ್ಲಿ ‘ಚೊಂಬು ಖಾಲಿ’ ಎಂದೂ ಬರೆದರು. ಖಾಲಿ ಎಂದು ಬಂದದ್ದನ್ನೆಲ್ಲ ನಮ್ಮಲ್ಲಿ ಒಂದೇ ಕಡತಕ್ಕೆ ಹಾಕುತ್ತೇವೆ. ಹದಿನಾಲ್ಕು ಹುದ್ದೆಗಳ ಜೊತೆ ಅದೂ ಭರ್ತಿಗೆ ಕಾಯುತ್ತಿದೆ. ಚೊಂಬನ್ನು ಲೋಪಯುಕ್ತ ಮಾಪಕವೆಂದು ಮುಟ್ಟುಗೋಲು ಹಾಕಿಕೊಂಡು ಪಾಂಡವಪುರಕ್ಕೆ ತಂದೆವು.

ಕ್ಯಾಮರಾ ಆ ವಾರವೇ ಕೊಂಡೆವು. ಎರಡನೇ ಪ್ರಾಯೋಗಿಕ ಪರೀಕ್ಷೆ ಶ್ರೀರಂಗಪಟ್ಟಣದ ಸಂಗಮದ ಹತ್ತಿರ, ಸಂಜೆಯ ಹೊಂಬಿಸಿಲಿನಲ್ಲಿ ನಡೆಯಿತು. ಗುಂಡಿಯ ಪಕ್ಕ ಆಕಸ್ಮಿಕವಾಗಿ ಭೂಮಿಕಾ ಮತ್ತು ಮದುವೆ ಗಂಡು ನಿಂತಿದ್ದರು. ಗುಂಡಿ ಚಿತ್ರದಲ್ಲಿ ಬಂದಿಲ್ಲ.

ಹದಿನೈದು ದಿನದ ಮೇಲೆ ಸಿದ್ದಯ್ಯನ ಹದಿನೆಂಟನೇ ಅರ್ಜಿಗೆ ಉತ್ತರ ಸಿದ್ಧವಾಯಿತು. ಅದನ್ನು ತಲುಪಿಸಲು ನನಗೇ ಹೇಳಿದರು. ಸೊಂಟದ ದೆಸೆಯಿಂದ ಸಿಂಧಘಟ್ಟದಲ್ಲಿ ಇಳಿದು ನಡೆದೇ ಹೋದೆ. ದಾರಿಯಲ್ಲಿ ನನ್ನ ಬೈಗುಳ ಯಾರಿಗೂ ಕೇಳಿಸಿಲ್ಲ, ಆದ್ದರಿಂದ ಅದು ದಾಖಲಾಗಿಲ್ಲ. ಸರಸಮ್ಮನವರು ಮಜ್ಜಿಗೆ ಕೊಟ್ಟರು. ಸಿದ್ದಯ್ಯ ಕೈ ಒರೆಸಿಕೊಂಡು ಕಾಗದ ಬಿಡಿಸಿ ಗಟ್ಟಿಯಾಗಿ ಓದಿದರು:

‘ತಾವೇ ತಜ್ಞರಾಗಿ ಸಹಿ ಮಾಡಿ ದೃಢೀಕರಿಸಿರುವಂತೆ ಸದರಿ ರಸ್ತೆಯಲ್ಲಿ ಚಿತ್ರ ಅಲುಗಾಡಿರುವುದಿಲ್ಲ. ನಿಯಮ ಮೂರರ ಪ್ರಕಾರ ಸದರಿ ರಸ್ತೆಯಲ್ಲಿ ಗುಂಡಿ ಇರುವುದಿಲ್ಲ. ಇಲ್ಲದ ಗುಂಡಿಯ ಬಗ್ಗೆ ಹದಿನೆಂಟು ಬಾರಿ ಅರ್ಜಿ ಸಲ್ಲಿಸಿ ಕಚೇರಿಯ ಕಾಲಹರಣ ಮಾಡಿದ್ದೇಕೆಂದು ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು.’

ಓದಿ ಮುಗಿಸಿ ಅವರು ಜಗಲಿ ಮೇಲೆ ಕುಸಿದು ಕೂತರು. “ನನ್ ಕೈಯಲ್ಲೇ ನನ್ಕಣ್ಗೆ ಮಣ್ ಆಕಿಸ್ಬುಟ್ರಲ್ಲ ನಾಗರಾಜಪ್ಪ. ನಮ್ಮಪ್ಪನ ಚೊಂಬ್ನ ಸುಳ್ಳ ಅಂದ್ಬುಟ್ರಲ್ಲ” ಎಂದರು. ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡರು. ನನಗೂ ಬೇಸರವಾಯಿತು. ಆದರೆ ಬೇಸರಕ್ಕೆ ಟಪಾಲು ನಂಬರ್ ಕೊಡಲು ಬರುವುದಿಲ್ಲ.

ಸರಸಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. “ಅಳ್ತಾ ಕುಂತ್ಕ, ಇನ್ನೇನ್ ಮಾಡೀಯೆ. ಮೂರೊರ್ಸ ಆಯ್ತು ನಮ್ಮಕ್ಕನ ಮೊಕ ನೋಡಿ. ನಿಂಗೆ ಚೊಂಬಿನ್ ಚಿಂತೆ” ಎಂದು ಗಂಡನನ್ನು ಗದರಿದರು. ಆಮೇಲೆ ಏನೋ ಹೊಳೆದವರಂತೆ ಕಾಗದವನ್ನು ಕಿತ್ತುಕೊಂಡರು. “ಇಲ್ಲಿ ಏನ್ ಬರ್ದದೆ ಇನ್ನೊಂದ್ ಕಿತ ಏಳು?”

“ಗುಂಡಿ ಇಲ್ಲ ಅಂತ.”

“ಸೀಲು ಅದಾ?”

“ಅದೆ. ಎರಡು ಅವೆ.”

“ಗುಂಡಿ ಓದ್ ದಿನ ಬಸ್ ಬತ್ತದೆ ಅಂತ ತಿಮ್ಮೇಶ ಬರ್ಕೊಟ್ಟಿರ್ಲಿಲ್ವಾ? ಈಗ ಗುಂಡಿ ಇಲ್ಲ ಅಂತ ಸೀಲ್ ಒಡ್ದು ಕೊಟ್ಟವ್ರೆ. ಅಂಗಾರೆ ಬಸ್ಸು ಯಾಕ್ ಬರಕ್ಕಿಲ್ಲ? ಏಳ್ಲಿ ನೋಡುಮ!”

ನಾನು ಇಷ್ಟು ವರ್ಷದಲ್ಲಿ ನಮ್ಮ ಕಚೇರಿಯ ಪತ್ರವೊಂದನ್ನು ಯಾರಾದರೂ ಉಪಯೋಗಿಸಿದ್ದನ್ನು ನೋಡಿದ್ದು ಅದೇ ಮೊದಲು. ಸರಸಮ್ಮ ಸೀರೆ ಸೆರಗು ಸಿಕ್ಕಿಸಿಕೊಂಡು, ಆರು ಕಿಲೋಮೀಟರ್ ನಡೆದು, ಸಿಂಧಘಟ್ಟದಲ್ಲಿ ತಿಮ್ಮೇಶನ ಬಸ್ಸಿಗೆ ಅಡ್ಡ ನಿಂತರು. ತಿಮ್ಮೇಶ ಪತ್ರ ಓದಿದ. ರಸ್ತೆ ಕಡೆ ನೋಡಿದ. ಮತ್ತೆ ಪತ್ರ ನೋಡಿದ.

ಮಾರನೇ ದಿನ ಅವನು ನಮ್ಮ ಕಚೇರಿಗೆ ಬಂದ. ಸಾಹೇಬರು ವಿಡಿಯೊ ಹಾಕಿ ತೋರಿಸಿದರು.

“ಇದ್ಯಾವೂರ್ ರೋಡು ಸಾ? ಬೆಣ್ಣೆ ಇದ್ದಂಗದೆ!”

“ನಿಮ್ಮ ಹೊಂಗೆಕೊಪ್ಪಲು ರೋಡೇ.”

“ಇದ್ರಲ್ಲಾದ್ರೆ ಕಣ್ಮುಚ್ಕೊಂಡು ಓಡುಸ್ತೀನಿ ಸಾ. ಆದ್ರೆ ಅಲ್ಲಿಗೋದ್ರೆ ಬ್ಯಾರೆ ರೋಡೇ ಇರ್ತದಲ್ಲ? ಕಿಟಕೀಲಿ ನೋಡುದ್ರೆ ಜನ ಎದುರ್ಕೊತಾರೆ.”

ಇದು ನಿಜವಾದ ಆಡಳಿತಾತ್ಮಕ ಸಮಸ್ಯೆ. ಸಾಹೇಬರು ಎರಡು ಟೀ ಕುಡಿಯುವಷ್ಟರಲ್ಲಿ ಪರಿಹರಿಸಿದರು. ಸುತ್ತೋಲೆ ಹೊರಟಿತು: ‘ಪರದೆಯಲ್ಲಿ ಕಾಣುವುದು ಅಧಿಕೃತ ರಸ್ತೆ. ಕಿಟಕಿಯಲ್ಲಿ ಕಾಣುವುದು ಅನಧಿಕೃತ. ಹೊಂಗೆಕೊಪ್ಪಲು ಬಸ್ಸಿನಲ್ಲಿ ಟೀವಿ ಅಳವಡಿಸಿ, ಅಧಿಕೃತ ರಸ್ತೆಯ ವಿಡಿಯೊವನ್ನು ಪ್ರಯಾಣದುದ್ದಕ್ಕೂ ಪ್ರದರ್ಶಿಸತಕ್ಕದ್ದು. ಕಿಟಕಿಗಳಿಗೆ ಬಟ್ಟೆ ಇಳಿಬಿಡತಕ್ಕದ್ದು. ಚಾಲಕರಿಗೆ ಮಾತ್ರ ಮುಂದಿನ ಗಾಜಿನಲ್ಲಿ ಅನಧಿಕೃತ ರಸ್ತೆಯನ್ನು ನೋಡಲು ಆರು ತಿಂಗಳ ಮಟ್ಟಿಗೆ ವಿನಾಯಿತಿ ನೀಡಿದೆ.’

ಗೃಹಪ್ರವೇಶದ ಹಿಂದಿನ ದಿನ ಬಸ್ಸು ಹೊಂಗೆಕೊಪ್ಪಲಿಗೆ ಬಂತು. ಬಾಳೆಕಂದು ಕಟ್ಟಿದ್ದರು. ಸಾಹೇಬರು ಭಾಷಣ ಮಾಡಿ, ಮುಟ್ಟುಗೋಲಾಗಿದ್ದ ಚೊಂಬನ್ನು ಸಿದ್ದಯ್ಯನಿಗೆ ಸಾರ್ವಜನಿಕವಾಗಿ ಹಿಂದಿರುಗಿಸಿದರು. ಕಚೇರಿಯ ಖರ್ಚಿನಲ್ಲಿ ಅದರ ಬಾಯಿಗೆ ಮುಚ್ಚಳವಿಟ್ಟು ಸುತ್ತಲೂ ಬೆಸುಗೆ ಹಾಕಿಸಲಾಗಿತ್ತು. “ಇನ್ಮೇಲೆ ಇದರಿಂದ ಒಂದು ತೊಟ್ಟೂ ತುಳುಕಲ್ಲ” ಅಂದರು. ಚೊಂಬನ್ನು ಬಸ್ಸಿನ ಮುಂದೆ ದೇವರ ಪಟದ ಕೆಳಗಿಟ್ಟು ಸಿಂಧಘಟ್ಟದವರೆಗೆ ಪರೀಕ್ಷೆ ಮಾಡಲಾಯಿತು. ತುಳುಕಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಒಬ್ಬ ಅಜ್ಜ, “ಒಳಗೆ ನೀರದಾ?” ಎಂದು ಕೇಳಿದ. ಅದು ಬೇರೆ ವಿಭಾಗಕ್ಕೆ ಸಂಬಂಧಿಸಿದ ಪ್ರಶ್ನೆ. ಸಿದ್ದಯ್ಯ ಚೊಂಬನ್ನು ಮಡಿಲಿಗೆ ತೆಗೆದುಕೊಂಡು ಬೆಸುಗೆಯ ಸುತ್ತ ಬೆರಳಾಡಿಸಿದರು. ಆಮೇಲೆ ಅವರೂ ಚಪ್ಪಾಳೆ ತಟ್ಟಿದರು. ಹೆಂಡತಿ ಪಕ್ಕದಲ್ಲಿ ಹೊಸ ಸೀರೆ ಉಟ್ಟು ಕೂತಿದ್ದರಲ್ಲ, ತಟ್ಟದೆ ಏನು ಮಾಡುತ್ತಾರೆ.

ಆ ದಿನದಿಂದ ನಮಗೆ ಕೈ ತುಂಬ ಕೆಲಸ. ಅರಕೆರೆ ಕಡೆಯಿಂದ ಹನ್ನೆರಡು ಜನ ಬಂದು, ರಿಪೇರಿ ಯಾವ ಕಾಲಕ್ಕೋ ಏನೋ, ನಮ್ಮ ರೋಡಿಗೂ ಕ್ಯಾಮರಾನೇ ಕಳಿಸಿ ಎಂದು ಅರ್ಜಿ ಕೊಟ್ಟರು. ಕಿರಂಗೂರಿನವರು ತಮ್ಮ ವಿಡಿಯೊದಲ್ಲಿ ರಸ್ತೆ ಪಕ್ಕ ಮರಗಳೂ ಇರಲಿ ಎಂದು ಕೇಳಿದ್ದಾರೆ. ಚಿಕ್ಕಸಿದ್ದಯ್ಯನವರು ಈಗ ನಾಲ್ಕೂ ತಾಲ್ಲೂಕಿಗೆ ಕಾಯಂ ತಜ್ಞರು, ಮುಚ್ಚಿದ ಚೊಂಬಿನ ಸಮೇತ ಜೀಪಿನಲ್ಲಿ ಹೋಗುತ್ತಾರೆ. ಸಮಜಾಯಿಷಿ ಕೇಳಿದ ನೋಟಿಸಿಗೆ, ‘ಆಗ ನನಗೆ ಅಲ್ಲಾಡುತ್ತಿತ್ತು, ಈಗ ಅಭ್ಯಾಸವಾಗಿದೆ’ ಎಂದು ಉತ್ತರ ಕೊಟ್ಟರು. ಅಂಗೀಕಾರವಾಯಿತು. ನನ್ನ ನಾಲಿಗೆಯ ಚಿಕಿತ್ಸಾ ವೆಚ್ಚದ ಅರ್ಜಿ ಮಾತ್ರ ತಿರಸ್ಕೃತವಾಗಿದೆ, ವಿಡಿಯೊದಲ್ಲಿ ಅಲುಗಾಟ ಕಾಣದ ಕಾರಣ. ತಿರಸ್ಕಾರದ ಪತ್ರವನ್ನು ನಾನೇ ಟೈಪ್ ಮಾಡಿ, ನಾನೇ ನನಗೆ ಕೊಟ್ಟು, ತಲುಪಿತೆಂದು ಸಹಿಯನ್ನೂ ಮಾಡಿದೆ.

ಮೊದಲ ಬಸ್ಸಿನಲ್ಲಿ ಫಲಾನುಭವಿಗಳ ಅಭಿಪ್ರಾಯ ಪಡೆಯಲು ನಾನೂ ನಾಗಮಂಗಲದವರೆಗೆ ಹೋಗಿದ್ದೆ. ನಿಲ್ದಾಣದಲ್ಲಿ ದೊಡ್ಡತಾಯಮ್ಮನವರು ಬೆಳಗಿನಿಂದ ಕಾದು ನಿಂತಿದ್ದರು. ಸರಸಮ್ಮ ಇಳಿದರು. ಮುಡಿ ಬಿಚ್ಚಿಹೋಗಿತ್ತು, ಹೂವು ಕಿವಿಗೆ ಜೋತುಬಿದ್ದಿತ್ತು, ಒಂದು ಕಾಲಿನ ಚಪ್ಪಲಿ ಬಸ್ಸಿನಲ್ಲೇ ಎಲ್ಲೋ ಇತ್ತು, ಹಣೆಯಲ್ಲಿ ನಮ್ಮ ಸಾಹೇಬರದ್ದಕ್ಕಿಂತ ದೊಡ್ಡ ಬುಗುಟು. ಅಕ್ಕತಂಗಿ ಇಬ್ಬರೂ ತಬ್ಬಿಕೊಂಡು ಗೋಳೋ ಎಂದು ಅತ್ತರು. ಅಳುವುದೆಲ್ಲ ಮುಗಿದ ಮೇಲೆ ದೊಡ್ಡತಾಯಮ್ಮ ತಂಗಿಯ ಮುಖ ಹಿಡಿದು ನೋಡಿದರು.

“ಇದ್ಯಾಕ್ ಮೊಗ, ಅಣೆ ಇಂಗ್ ಊದ್ಕೊಂಡದೆ? ರೋಡು ಎಂಗದೆ ಈಗ?”

ಸರಸಮ್ಮ ಹಣೆ ಮುಟ್ಟಿ ನೋಡಿಕೊಂಡರು. ನನ್ನ ಕಡೆ ಒಂದು ಸಲ, ನನ್ನ ಕೈಯಲ್ಲಿದ್ದ ಹಾಳೆಯ ಕಡೆ ಒಂದು ಸಲ ನೋಡಿದರು. ನಾಳಿದ್ದು ವಾಪಸ್ಸು ಹೋಗಲು ಅದೇ ಬಸ್ಸು ಬೇಕಿತ್ತು.

“ಟೀವೀಲಿ ನೋಡ್ಕೊಂಡೇ ಬಂದೆ ಕಣಕ್ಕ” ಎಂದರು. “ಬಾಳ ಚೆನ್ನಾಗದೆ.”

ಸದರಿ ಹೇಳಿಕೆಯನ್ನು ಫಲಾನುಭವಿಯ ಅಭಿಪ್ರಾಯವೆಂದು ದಾಖಲಿಸಿಕೊಂಡು ಕಡತವನ್ನು ಮುಕ್ತಾಯಗೊಳಿಸಿದೆ.